ಶೆಡ್ಡಿನಲ್ಲಿ ನಿಂತ ಹಳೆಯ ತೆರೆದ ಕಾರು: ಕೊಳ್ಳುವ ಮುನ್ನ ನೋಡಬೇಕಾದದ್ದು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿ ಹಳೆಯ ವಾಹನಗಳಿಗೆ ಕೊರತೆಯಿಲ್ಲ. ಆದರೆ ಓದುಗರಿಂದ ಮತ್ತೆ ಮತ್ತೆ ಪ್ರಶ್ನೆ ಬರುವುದು ಒಂದೇ ಬಗೆಯ ಕಾರಿನ ಬಗ್ಗೆ. ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಚಿ ಓಡಿಸಬಹುದಾದ, ಕನ್ವರ್ಟಿಬಲ್ ಎಂದು ಕರೆಯಲಾಗುವ ತೆರೆದ ಕಾರು ಅದು. ಗೋದಾಮಿನ ಮೂಲೆಯಲ್ಲಿ ಒಂದು ಮಾರಿಸ್ ಮೈನರ್ ನಿಂತಿದೆ, ಟಾಪ್ ಹರಿದಿದೆ, ಅಜ್ಜನ ಕಾಲದ್ದು, ಕಡಿಮೆ ಬೆಲೆಗೆ ಕೊಡುತ್ತಾರಂತೆ, ತೆಗೆದುಕೊಂಡು ರಿಪೇರಿ ಮಾಡಿಸಬಹುದೇ ಎಂದು ಕೇಳುತ್ತಾರೆ. ಕಾರಿನ ಹೆಸರು ಬದಲಾಗಬಹುದು, ಪ್ರಶ್ನೆ ಬದಲಾಗುವುದಿಲ್ಲ. ಹೌದು ಅಥವಾ ಬೇಡ ಎಂಬ ಉತ್ತರಕ್ಕೆ ನೀವೇ ಹೇಗೆ ತಲುಪಬಹುದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಜಿನ್ ಕೆಟ್ಟಿರುವ ತೆರೆದ ಕಾರನ್ನು ಧೈರ್ಯವಾಗಿ ಕೊಳ್ಳಬಹುದು. ತಳ ಕೆಟ್ಟಿರುವ ತೆರೆದ ಕಾರನ್ನು ಪುಕ್ಕಟೆ ಕೊಟ್ಟರೂ ಯೋಚಿಸಬೇಕು. ಮುಚ್ಚಳ ತೆಗೆದ ರಟ್ಟಿನ ಡಬ್ಬಿಯನ್ನು ಎರಡು ತುದಿ ಹಿಡಿದು ತಿರುಚಿದರೆ ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ಕಾರಿನಿಂದ ಲೋಹದ ಮಾಡನ್ನು ತೆಗೆದಾಗಲೂ ಆಗುವುದು ಇದೇ, ಆದ್ದರಿಂದ ಅಲ್ಲಿ ಬಲವೆಲ್ಲ ತಳದ ತಗಡಿಗೂ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಅಂಚಿಗೂ ಬರುತ್ತದೆ. ಈ ಅಂಚನ್ನು ಸಿಲ್ ಎನ್ನುತ್ತಾರೆ. ಹರಿದ ಟಾಪಿನಿಂದ ಸೋರಿದ ಮಳೆನೀರು ಹೋಗಿ ನಿಲ್ಲುವುದೂ ಸರಿಯಾಗಿ ಅಲ್ಲಿಯೇ. ಕಾರನ್ನು ಹೊತ್ತು ನಿಲ್ಲಿಸುವ ಭಾಗಕ್ಕೇ ಎಲ್ಲಕ್ಕಿಂತ ಮೊದಲು ತುಕ್ಕು ಹಿಡಿಯುತ್ತದೆ ಎಂಬ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಹಂತಗಳ ಉದ್ದೇಶ ತಾನಾಗಿ ತಿಳಿಯುತ್ತದೆ.

ನೋಡಲು ಹೋಗುವಾಗ ಒಳ್ಳೆಯ ಟಾರ್ಚ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ, ಮೊಂಡಾದ ಸ್ಕ್ರೂಡ್ರೈವರ್, ಅಳತೆಯ ಟೇಪು, ಜಾಕ್, ಜಾಕಿನ ಕೆಳಗಿಡಲು ದಪ್ಪ ಹಲಗೆ, ಕಾರಿನ ಭಾರ ಹೊರಲು ಎರಡು ಸ್ಟ್ಯಾಂಡ್, ಮಲಗಿ ನೋಡಲು ಒಂದು ಗೋಣಿಚೀಲ ಜೊತೆಯಲ್ಲಿರಲಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದವರಿಗೆ ಪುರುಸೊತ್ತು ಇರುವುದಿಲ್ಲ, ಗೋದಾಮಿನ ತುಂಬ ಚೀಲಗಳಿರುತ್ತವೆ. ಮಾರ್ಚ್ ಕಳೆದ ಮೇಲೆ, ಮಳೆಗಾಲಕ್ಕೆ ಮೊದಲು ಹೋದರೆ ನಿಧಾನವಾಗಿ ನೋಡಲು ಅವಕಾಶ ಸಿಗುತ್ತದೆ.

1. ಕಾರಿಗಿಂತ ಮೊದಲು ಕಾಗದ ನೋಡಿ

ಹೆಚ್ಚಿನವರು ಕಾರು ನೋಡಿ, ಮನಸೋತು, ಅಡ್ವಾನ್ಸ್ ಕೊಟ್ಟು, ಆಮೇಲೆ ಆರ್‌ಸಿ ಕೇಳುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಿ. ಫೋನಿನಲ್ಲಿ ಮಾತನಾಡುವಾಗಲೇ ಆರ್‌ಸಿ ಪುಸ್ತಕದ ಎಲ್ಲ ಪುಟಗಳ ಫೋಟೊ ಕಳುಹಿಸಲು ಕೇಳಿ.

ಫೋಟೊ ಬಂದ ಮೇಲೆ ಮೊದಲು ನೋಡಬೇಕಾದದ್ದು ಮಾಲೀಕರ ಹೆಸರು. ನಮ್ಮ ಕಡೆಯ ಹಳೆಯ ಕಾರುಗಳ ಆರ್‌ಸಿ ಬಹುತೇಕ ತೀರಿಹೋದ ಹಿರಿಯರ ಹೆಸರಿನಲ್ಲೇ ಉಳಿದಿರುತ್ತದೆ. ಹಾಗಿದ್ದಲ್ಲಿ ಮೊದಲು ವಾರಸುದಾರರ ಹೆಸರಿಗೆ ವರ್ಗಾವಣೆಯಾಗಬೇಕು, ಅದಕ್ಕೆ ನಮೂನೆ 31 ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಪ್ರಮಾಣಪತ್ರ ಇವೆಲ್ಲ ಬೇಕಾಗುತ್ತವೆ. ತೋಟ ಪಾಲಾಗಿದ್ದು ಕಾರು ಮಾತ್ರ ಯಾರ ಪಾಲಿಗೆ ಎಂದು ಎಲ್ಲಿಯೂ ಬರೆದಿರದಿದ್ದರೆ, ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಒಬ್ಬ ಪಾಲುದಾರರ ಸಹಿಗಾಗಿ ಇಡೀ ವ್ಯವಹಾರ ವರ್ಷಗಟ್ಟಲೆ ನಿಲ್ಲಬಹುದು. ಈ ಕೆಲಸವನ್ನು ಮಾರುವವರೇ ಮುಗಿಸಿ ಕೊಡಲಿ. ಅವರು ಮುಗಿಸುವವರೆಗೆ ನೀವು ಪೂರ್ತಿ ಹಣ ಕೊಡಬೇಡಿ.

ಎರಡನೆಯದು ಚಾಸಿ ನಂಬರ್ ಮತ್ತು ಇಂಜಿನ್ ನಂಬರ್. ಕಾರಿನ ಮೇಲೆ ಕೊರೆದ ಅಂಕಿ, ರಿವೆಟ್ ಹೊಡೆದ ತಗಡಿನ ಫಲಕದ ಅಂಕಿ ಮತ್ತು ಆರ್‌ಸಿಯ ಅಂಕಿ ಮೂರೂ ಒಂದೇ ಆಗಿರಬೇಕು. ಹಳೆಯ ಕಾರುಗಳಿಗೆ ಬೇರೆ ಇಂಜಿನ್ ಕೂರಿಸಿ ಅದನ್ನು ಆರ್‌ಸಿಯಲ್ಲಿ ನಮೂದಿಸದೆ ಬಿಟ್ಟಿರುವುದು ಸಾಮಾನ್ಯ. ಅದನ್ನು ಸರಿಪಡಿಸಲು ದಾರಿಯಿರಬಹುದು, ಚಾಸಿ ನಂಬರ್ ಹೊಂದದಿದ್ದರೆ ಮಾತ್ರ ಅಲ್ಲಿಗೇ ಕೈಬಿಡಿ.

ಮೂರನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ಆರ್‌ಸಿಯಲ್ಲಿ ಬಾಡಿಯ ಬಗೆ ಎಂಬ ಕಾಲಂ ಇರುತ್ತದೆ. ಅಲ್ಲಿ ಸಲೂನ್, ಅಂದರೆ ಲೋಹದ ಮಾಡಿರುವ ಕಾರು, ಎಂದಿದ್ದು ಎದುರಿಗಿರುವುದು ತೆರೆದ ಕಾರಾಗಿದ್ದರೆ ಯಾರೋ ಮಾಡನ್ನು ಕತ್ತರಿಸಿದ್ದಾರೆ ಎಂದರ್ಥ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. ಅಂಥ ಕಾರಿಗೆ ನೋಂದಣಿ ನವೀಕರಣವೂ ಕಷ್ಟ, ಅದರ ಬಲವೂ ಅನುಮಾನ. ಮಾಡು ಕತ್ತರಿಸಿದ ಫಿಯಟ್ 1100 ನೋಡಲು ಎಷ್ಟೇ ಚಂದವಿದ್ದರೂ ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಮುಂದಿನದು ನೋಂದಣಿಯ ಅವಧಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನಂತರ ನಮೂನೆ 25ರಲ್ಲಿ ಅರ್ಜಿ ಕೊಟ್ಟು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಜನ ಇದನ್ನೇ ಎಫ್‌ಸಿ ಎನ್ನುವುದುಂಟು. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿಗೂ, ವಿದೇಶದಿಂದ ಆಮದಾದ ಕಾರಿಗೆ 40,000 ರೂಪಾಯಿಗೂ ಏರಿತು. 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ 20 ವರ್ಷ ಮೀರಿದವುಗಳಿಗೆ ಇದು ಕ್ರಮವಾಗಿ 10,000 ಮತ್ತು 80,000 ರೂಪಾಯಿ ಆಯಿತು. ಇದರ ಮೇಲೆ ತಡವಾದ ತಿಂಗಳುಗಳ ದಂಡ, ಹಸಿರು ತೆರಿಗೆ ಬೇರೆ. ಆದ್ದರಿಂದ ಕಾರು ಭಾರತದಲ್ಲಿ ತಯಾರಾದದ್ದೋ ಆಮದಾದದ್ದೋ ಎಂಬ ಪ್ರಶ್ನೆಗೆ ನೇರವಾಗಿ ಹಣದ ಲೆಕ್ಕವಿದೆ.

50 ವರ್ಷ ದಾಟಿದ ಕಾರಾದರೆ ಇನ್ನೊಂದು ದಾರಿಯಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ ಅದನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ, ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ. ಆದರೆ ಎರಡು ಷರತ್ತುಗಳನ್ನು ಚೆನ್ನಾಗಿ ಓದಿಕೊಳ್ಳಿ. ಇಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಜೊತೆಗೆ ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಪ್ರತಿ ಭಾನುವಾರ ಬೇಲೂರಿನವರೆಗೆ ಹೋಗಿ ಬರಬೇಕು ಎಂಬ ಆಸೆ ನಿಮ್ಮದಾದರೆ ಸಾಮಾನ್ಯ ನವೀಕರಣವೇ ನಿಮ್ಮ ದಾರಿ.

ಆರ್‌ಸಿ ಕಳೆದುಹೋಗಿದೆ ಎಂದರೆ ತಕ್ಷಣ ಹಿಂದೆ ಸರಿಯಬೇಕಿಲ್ಲ. ಎಂವೈ ಅಥವಾ ಸಿಎ ಎಂದು ಆರಂಭವಾಗುವ ಹಳೆಯ ಸಂಖ್ಯೆಯ ಕಾರುಗಳ ದಾಖಲೆ ಕಂಪ್ಯೂಟರಿಗೆ ಏರದೆ ಕಚೇರಿಯ ಹಳೆಯ ರಿಜಿಸ್ಟರಿನಲ್ಲೇ ಉಳಿದಿರಬಹುದು. ಅದು ನೋಂದಣಿಯಾದ ಕಚೇರಿಗೆ ಹೋಗಿ ದಾಖಲೆ ಇದೆಯೇ, ಅದನ್ನು ಈಗಿನ ವಾಹನ್ ವ್ಯವಸ್ಥೆಗೆ ಸೇರಿಸಲು ಸಾಧ್ಯವೇ ಎಂದು ಕೇಳಿ. ಈ ಕೆಲಸವನ್ನು ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ. ದಾಖಲೆ ಸಿಕ್ಕರೆ ನಮೂನೆ 26ರಲ್ಲಿ ನಕಲು ಆರ್‌ಸಿ ಪಡೆಯಬಹುದು. ರಿಜಿಸ್ಟರಿನಲ್ಲೂ ಇಲ್ಲವೆಂದಾದರೆ ಆ ಕಾರು ಶೆಡ್ಡಿನಲ್ಲಿಡುವ ವಸ್ತುವಾಗಬಹುದೇ ಹೊರತು ರಸ್ತೆಯ ಮೇಲಿನ ವಾಹನವಾಗದು, ಅದರ ಬೆಲೆಯೂ ಬಿಡಿಭಾಗಗಳ ಬೆಲೆಯಷ್ಟೇ.

ದೆಹಲಿಯಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಕಾರುಗಳನ್ನು ಹಿಡಿಯುತ್ತಾರಂತೆ, ಇಲ್ಲಿಯೂ ಹಾಗೆಯೇ ಎಂಬ ಅಂಜಿಕೆ ಹಲವರಿಗಿದೆ. ಆ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು, ನಮ್ಮ ಜಿಲ್ಲೆಗಳದ್ದಲ್ಲ.

2. ಕಾರನ್ನು ಯಾವ ಬಗೆಯಲ್ಲಿ ಕಟ್ಟಿದ್ದಾರೆ ಎಂದು ತಿಳಿಯಿರಿ

ಹಳೆಯ ಕಾರುಗಳು ಎರಡು ಬಗೆ. ಒಂದರಲ್ಲಿ ಉಕ್ಕಿನ ತೊಲೆಗಳ ಪ್ರತ್ಯೇಕ ಚೌಕಟ್ಟು ಇದ್ದು, ಬಾಡಿಯನ್ನು ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಆ ಚೌಕಟ್ಟೇ ಚಾಸಿ. ಇನ್ನೊಂದರಲ್ಲಿ ಪ್ರತ್ಯೇಕ ಚಾಸಿ ಇರುವುದಿಲ್ಲ, ಬಾಡಿಯ ತಗಡುಗಳನ್ನೇ ಒಂದಕ್ಕೊಂದು ಬೆಸೆದು ಇಡೀ ಕಾರಿಗೆ ಬಲ ಕೊಟ್ಟಿರುತ್ತಾರೆ, ಇದು ಮಾನೊಕಾಕ್. ಮೊದಲ ಬಗೆಯಲ್ಲಿ ಬಾಡಿ ಎತ್ತಿ ಪಕ್ಕಕ್ಕಿಟ್ಟು ಚಾಸಿಯನ್ನು ಸರಿಪಡಿಸಬಹುದು. ಎರಡನೆಯ ಬಗೆಯಲ್ಲಿ ತುಕ್ಕು ತೆಗೆಯಲು ಕತ್ತರಿಸಿದರೆ ಕಾರಿನ ಆಕಾರವೇ ಕೆಡುವ ಅಪಾಯವಿದೆ.

ವಿಲ್ಲೀಸ್ ಜೀಪು, ಮಹೀಂದ್ರ ಸಿಜೆ 3ಬಿ ಮೊದಲ ಬಗೆಗೆ ಸೇರಿದವು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಚಾಸಿಯ ಮೇಲೆ ನಿಂತ ಕಾರೇ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಇದರ ಮೂಲ. ಅದರ ಎರಡು ಬಾಗಿಲ ಮಾದರಿಯಲ್ಲಿ ಮಾಡನ್ನು ಬೋಲ್ಟಿನಿಂದಲೇ ಕೂರಿಸಿರುವುದರಿಂದ ಮಾಡು ಬಿಚ್ಚಿ ತೆರೆದ ಕಾರು ಮಾಡಿದ ಹೆರಾಲ್ಡ್‌ಗಳು ಸಿಗುತ್ತವೆ. ಆರ್‌ಸಿಯ ಬಾಡಿ ಕಾಲಂ ಬಗ್ಗೆ ಮೇಲೆ ಹೇಳಿದ ಮಾತು ಇವುಗಳಿಗೂ ಅನ್ವಯಿಸುತ್ತದೆ. 1948ರಲ್ಲಿ ಹೊರಬಂದ ಮಾರಿಸ್ ಮೈನರ್ ಎರಡನೆಯ ಬಗೆ. ಹಿಂದೂಸ್ತಾನ್ ಮೋಟಾರ್ಸ್ ಇದನ್ನೇ ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ಮಾರಿತು. ಮೈನರ್‌ನ ಕಾರ್ಖಾನೆಯ ಕನ್ವರ್ಟಿಬಲ್‌ನಲ್ಲಿ ಸಿಲ್‌ಗೂ ಡ್ಯಾಶ್‌ಬೋರ್ಡಿನ ಕೆಳಗೆ ಬಾಗಿಲ ಕಂಬಗಳ ಬಳಿಯೂ ಹೆಚ್ಚುವರಿ ಉಕ್ಕಿನ ಆಧಾರ ಕೊಟ್ಟಿರುತ್ತಾರೆ. ಆ ಆಧಾರ ಕಾಣಿಸದಿದ್ದರೆ ಅದು ಮಾಡು ಕತ್ತರಿಸಿದ ಸಲೂನ್ ಎಂದೇ ತಿಳಿಯಿರಿ.

ಇದು ನಿಮ್ಮ ಮೊದಲ ಪ್ರಾಜೆಕ್ಟ್ ಆದರೆ ಜೀಪನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ನಮ್ಮ ಊರುಗಳಲ್ಲಿ ಅದರ ಕೆಲಸ ಬಲ್ಲ ಮೆಕ್ಯಾನಿಕ್‌ಗಳಿದ್ದಾರೆ, ಬಾಡಿಯ ತಗಡು ಬಹುಪಾಲು ಚಪ್ಪಟೆಯಾದ್ದರಿಂದ ಸ್ಥಳೀಯವಾಗಿ ಮಾಡಿಸಬಹುದು, ಹುಡ್, ಅಂದರೆ ಬಟ್ಟೆಯ ಟಾಪ್, ಹೊಲಿಯುವವರೂ ಸಿಗುತ್ತಾರೆ.

3. ನಿಂತ ಜಾಗವನ್ನು ಓದಿ

ಕಾರನ್ನು ಮುಟ್ಟುವ ಮೊದಲು ಐದು ನಿಮಿಷ ಅದು ನಿಂತ ಜಾಗವನ್ನು ನೋಡಿ. ನೆಲ ಸಿಮೆಂಟೋ ಮಣ್ಣೋ? ಮಣ್ಣಾದರೆ ಮಲೆನಾಡಿನ ಮಳೆಗಾಲದ ನಾಲ್ಕು ತಿಂಗಳೂ ತಳಕ್ಕೆ ಕೆಳಗಿನಿಂದ ತೇವ ಏರಿದೆ ಎಂದು ಲೆಕ್ಕ ಹಾಕಿ. ಪ್ಲಾಸ್ಟಿಕ್ ಟಾರ್ಪಾಲನ್ನು ಬಿಗಿಯಾಗಿ ಹೊದಿಸಿದ್ದರೆ ಒಳಗಿನ ತೇವ ಹೊರಗೆ ಹೋಗದೆ ಇನ್ನಷ್ಟು ಕೆಡುಕಾಗಿರುತ್ತದೆ; ಮಾರುವವರು ಇದನ್ನು ಕಾಳಜಿಯ ಗುರುತೆಂದು ತೋರಿಸಿದರೂ ನೀವು ಹಾಗೆ ತೆಗೆದುಕೊಳ್ಳಬೇಡಿ.

ಪಕ್ಕದಲ್ಲಿ ಏನನ್ನು ಇಟ್ಟಿದ್ದರು ಎಂದು ಕೇಳಿ. ತೋಟದ ಗೋದಾಮುಗಳಲ್ಲಿ ಕಾರಿನ ಜೊತೆಗೆ ಪೊಟ್ಯಾಷ್ ಚೀಲಗಳೂ ಬೋರ್ಡೊ ದ್ರಾವಣಕ್ಕೆ ತಂದ ಮೈಲುತುತ್ತವೂ ಇರುತ್ತವೆ. ಪೊಟ್ಯಾಷ್ ಒಂದು ಬಗೆಯ ಉಪ್ಪು, ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಮೈಲುತುತ್ತ ತೇವದ ಜೊತೆ ಸೇರಿ ತಗಡಿಗೆ ತಗುಲಿದರೆ ಹಾನಿ ಇನ್ನೂ ಬೇಗ. ಸಾಲದ್ದಕ್ಕೆ ಹರಿದ ಚೀಲದ ಗೊಬ್ಬರ ಕಾರಿನೊಳಗೇ ಬಿದ್ದಿರುವುದುಂಟು. ಕೊಟ್ಟಿಗೆಗೆ ಅಂಟಿಕೊಂಡ ಶೆಡ್ಡಾದರೆ ಗಂಜಲದ ಅಮೋನಿಯಾದಿಂದ ರೇಡಿಯೇಟರಿನ ಹಿತ್ತಾಳೆ ಬಿರುಕು ಬಿಟ್ಟಿರಬಹುದು.

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಶೆಡ್ಡಿನಲ್ಲಿ ನಿಂತ ಕಾರಿಗೂ ಅರಸೀಕೆರೆ, ಕಡೂರಿನ ಒಣ ನೆಲದಲ್ಲಿ ನಿಂತ ಕಾರಿಗೂ ತುಂಬ ವ್ಯತ್ಯಾಸವಿದೆ. ಒಂದೇ ಮಾದರಿ ಎರಡೂ ಕಡೆ ಸಿಗುವುದಾದರೆ ಹೆಚ್ಚು ಹಣ ಕೊಟ್ಟಾದರೂ ಬಯಲುಸೀಮೆಯದನ್ನೇ ತೆಗೆದುಕೊಳ್ಳಿ.

4. ತಳ, ಸಿಲ್, ಬಾಗಿಲು

ಇದೇ ನಿರ್ಣಾಯಕ ಹಂತ, ಇದಕ್ಕೆ ಕನಿಷ್ಠ ಎರಡು ಗಂಟೆ ಮೀಸಲಿಡಿ.

ಮೊದಲು ಕಾರಿನ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಮುಚ್ಚಿದ ಬಾಗಿಲಿನ ಸುತ್ತಲಿನ ಸಂದನ್ನು ನೋಡಿ. ಬಾಗಿಲಿನ ಹಿಂಭಾಗದ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರಬೇಕು. ಮೇಲ್ಗಡೆ ಕಿರಿದಾಗಿ ಕೆಳಗಡೆ ಅಗಲವಾಗಿದ್ದರೆ ಕಾರಿನ ನಡು ಕುಸಿದಿದೆ ಎಂಬ ಸೂಚನೆ. ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಸಂದಿಗೆ ತೂರಿಸಿ, ಎಷ್ಟು ತುಂಡು ಹಿಡಿಯಿತೆಂದು ಎರಡೂ ಬದಿಯಲ್ಲಿ ಹೋಲಿಸಿ. ಬಾಗಿಲನ್ನು ತೆರೆದು ಮೆಲ್ಲಗೆ ಮೇಲಕ್ಕೆ ಎತ್ತಿ ನೋಡಿ. ಅಲುಗಾಡಿದರೆ ತಪ್ಪು ಕೀಲಿನದಿರಬಹುದು, ಅದು ಸಣ್ಣ ಕೆಲಸ. ಕೀಲು ಗಟ್ಟಿಯಾಗಿದ್ದೂ ಸಂದು ವಕ್ರವಾಗಿದ್ದರೆ ತಪ್ಪು ಬಾಡಿಯದು.

ನಂತರ ಜಾಕಿನ ಪರೀಕ್ಷೆ. ಹಲಗೆಯ ಮೇಲೆ ಜಾಕ್ ಇಟ್ಟು, ಒಂದು ಬದಿಯ ಜಾಕ್ ಪಾಯಿಂಟಿನಲ್ಲಿ ಚಕ್ರ ನೆಲದಿಂದ ಸ್ವಲ್ಪ ಮೇಲೇಳುವವರೆಗೆ ಎತ್ತಿ. ಎತ್ತುವಾಗಲೇ ಸಿಲ್ ಒಳಕ್ಕೆ ಕುಸಿದರೆ, ಪುಡಿ ಉದುರಿದರೆ ಅಲ್ಲಿಗೇ ನಿಲ್ಲಿಸಿ, ಉತ್ತರ ಸಿಕ್ಕಿತು. ಹಾಗಾಗದಿದ್ದರೆ ಎತ್ತಿದ ಸ್ಥಿತಿಯಲ್ಲೇ ಬಾಗಿಲನ್ನು ತೆರೆದು ಮುಚ್ಚಿ ನೋಡಿ. ನೆಲದ ಮೇಲಿದ್ದಾಗ ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಕಂಬಕ್ಕೆ ತಗುಲಿ ನಿಂತರೆ ಕಾರು ತಿರುಚಿಕೊಳ್ಳುತ್ತಿದೆ, ತಳದ ಬಲ ಹೋಗಿದೆ. ತೆರೆದ ಕಾರು ಸ್ವಲ್ಪವಾದರೂ ಬಾಗುತ್ತದೆ, ಅದು ಸಹಜ. ಬಾಗಿಲು ಮುಚ್ಚದಷ್ಟು ಬಾಗುವುದು ಸಹಜವಲ್ಲ. ಕೇವಲ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ತುಕ್ಕು ಹಿಡಿದ ತಳಕ್ಕೆ ಜಾಕ್ ತೂರಿಹೋಗಿ ಕಾರು ಕುಸಿಯುವುದು ಕ್ಷಣದ ಮಾತು. ಸ್ಟ್ಯಾಂಡುಗಳನ್ನು ಗಟ್ಟಿ ಭಾಗಕ್ಕೆ ಕೊಟ್ಟ ಮೇಲೆಯೇ ಕೆಳಗೆ ಹೋಗಿ.

ಈಗ ಅಯಸ್ಕಾಂತ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಸಿಲ್ ಉದ್ದಕ್ಕೂ, ಬಾಗಿಲಿನ ಕೆಳಗಿನ ಅಂಚಿನಲ್ಲಿ, ಚಕ್ರದ ಕಮಾನಿನ ಸುತ್ತ ಎಳೆಯುತ್ತಾ ಹೋಗಿ. ಹಿಡಿತ ಸಡಿಲವಾದಲ್ಲಿ ಬಣ್ಣದ ಕೆಳಗೆ ತಗಡಿನ ಬದಲು ಪುಟ್ಟಿ ಇದೆ, ಅಂದರೆ ಟಿಂಕರಿಂಗ್ ಮಾಡುವಾಗ ತಗ್ಗು ತುಂಬಲು ಬಳಸುವ ಲೇಪವಿದೆ. ತೆಳುವಾದ ಪುಟ್ಟಿ ಎಲ್ಲ ಕಾರಿನಲ್ಲೂ ಇರುತ್ತದೆ. ಅಯಸ್ಕಾಂತ ಹಿಡಿಯದಷ್ಟು ದಪ್ಪ ಪುಟ್ಟಿ ಸಿಲ್‌ನ ಮೇಲಿದ್ದರೆ ಬಲ ಹೊರಬೇಕಾದ ಜಾಗದಲ್ಲಿ ಗಾರೆ ಮೆತ್ತಿದ್ದಾರೆ ಎಂದರ್ಥ.

ಮಾಲೀಕರ ಅನುಮತಿ ಪಡೆದು ಒಳಗಿನ ಕಾರ್ಪೆಟ್ ಎತ್ತಿ. ಸ್ಕ್ರೂಡ್ರೈವರಿನ ಹಿಡಿಯಿಂದ ತಳದ ತಗಡನ್ನು ಎಲ್ಲೆಡೆ ತಟ್ಟಿ ಕೇಳಿ: ಒಳ್ಳೆಯ ತಗಡು ಕಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಡಬ್ ಎನ್ನುತ್ತದೆ. ಮಂಕು ಶಬ್ದ ಬಂದಲ್ಲಿ ಮೊಂಡು ತುದಿಯಿಂದ ಒತ್ತಿ ನೋಡಿ. ಪೆಡಲುಗಳ ಕೆಳಗೆ, ಸೀಟಿನ ಹಳಿ ಕೂರುವ ಜಾಗದಲ್ಲಿ, ತಳ ಮತ್ತು ಸಿಲ್ ಸೇರುವ ಮೂಲೆಯಲ್ಲಿ ಹೆಚ್ಚು ಗಮನವಿರಲಿ. ತಳದ ನೀರು ಹೊರಹೋಗುವ ತೂತುಗಳು ಮಣ್ಣು, ಕಾಫಿ ಸಿಪ್ಪೆಯಿಂದ ಕಟ್ಟಿಕೊಂಡಿದ್ದರೆ ನೀರು ಒಳಗೇ ನಿಂತಿತ್ತು ಎಂದು ತಿಳಿಯಿರಿ.

ಕೆಳಗಿನಿಂದ ನೋಡುವಾಗ ತಳಕ್ಕೆಲ್ಲ ಹೊಸದಾಗಿ ದಪ್ಪನೆಯ ಕಪ್ಪು ಟಾರ್ ಬಳಿದಿದ್ದರೆ ಸಂತೋಷಪಡಬೇಡಿ, ಅದರ ಕೆಳಗೆ ಏನಿದೆ ಎಂದು ಸ್ವಲ್ಪ ಕೆರೆದು ನೋಡಲು ಕೇಳಿ. ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಹಳೆಯ ತುಕ್ಕಿನ ಮೇಲೆಯೇ ತಗಡಿನ ತೇಪೆ ಬೆಸೆದಿದ್ದಾರೆಯೇ ಎಂದು ನೋಡಿ. ಮಾರಿಸ್ ಮೈನರ್ ಆದರೆ ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು, ಹಿಂಬದಿಯಲ್ಲಿ ಬಂದು ನಿಲ್ಲುವ ಅಡ್ಡ ತೊಲೆಯನ್ನೂ ಹಿಂದಿನ ಸ್ಪ್ರಿಂಗ್ ಪ್ಲೇಟು ಕೂರುವ ಜಾಗಗಳನ್ನೂ ಪರೀಕ್ಷಿಸಿ. ಹೆರಾಲ್ಡ್ ಆದರೆ ನಡುವಿನ ಮುಖ್ಯ ತೊಲೆಗಳಿಂದ ಎರಡೂ ಬದಿಗೆ ಚಾಚಿಕೊಂಡ ಔಟ್‌ರಿಗ್ಗರ್ ಎಂಬ ತೋಳುಗಳು ಮೊದಲು ಕೆಡುತ್ತವೆ. ಅವು ಬದಲಾಯಿಸಬಹುದಾದ ಭಾಗಗಳು, ಅವು ಹೋಗಿದ್ದರೆ ಬೆಲೆ ಇಳಿಸಿ. ಮುಖ್ಯ ತೊಲೆಯೇ ಹೋಗಿದ್ದರೆ ಬಿಟ್ಟುಬಿಡಿ.

ತಳಕ್ಕೆ ಕೆಲಸ ಬೇಕೆಂದು ಕಂಡರೂ ಕೊಳ್ಳಲು ಮನಸ್ಸು ಮಾಡಿದಿರಾದರೆ, ಕೆಲಸ ಮಾಡುವವರಿಗೆ ಈ ಒಂದು ಪ್ರಶ್ನೆ ಕೇಳಿ: ಸಿಲ್ ಕತ್ತರಿಸುವ ಮುಂಚೆ ಏನು ಮಾಡುತ್ತೀರಿ? ಬಾಗಿಲ ಜಾಗದಲ್ಲಿ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ, ಹಾಗೆಯೇ ಎಡದಿಂದ ಬಲಕ್ಕೆ ಉಕ್ಕಿನ ಪೈಪು ಬೆಸೆದು ಬಾಡಿಯನ್ನು ಬಿಗಿದು, ಬಾಗಿಲಿನ ಅಳತೆ ಬರೆದಿಟ್ಟುಕೊಂಡು, ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿ ಕತ್ತರಿಸುತ್ತೇವೆ ಎಂಬ ಉತ್ತರ ಬರಬೇಕು. ಹಾಗೆ ಬಿಗಿಯದೆ ಕತ್ತರಿಸಿದರೆ ಬಾಡಿ ನಡುವಿನಲ್ಲಿ ಜೋತುಬಿದ್ದು, ಆ ವಕ್ರ ಸ್ಥಿತಿಯಲ್ಲೇ ಹೊಸ ಸಿಲ್ ಬೆಸೆದುಕೊಳ್ಳುತ್ತದೆ. ಆಮೇಲೆ ಬಾಗಿಲು ಎಂದೂ ಸರಿಯಾಗಿ ಕೂರುವುದಿಲ್ಲ. ಅಪಘಾತದ ಡೆಂಟ್ ಎತ್ತುವುದರಲ್ಲಿ ಹೆಸರು ಮಾಡಿದ ಟಿಂಕರ್‌ಗೂ ತೆರೆದ ಕಾರಿನ ಅನುಭವ ಇರಬೇಕೆಂದಿಲ್ಲ.

5. ಹುಡ್ ಮತ್ತು ಇಲ್ಲದ ಭಾಗಗಳು

ಹರಿದ ಬಟ್ಟೆಯನ್ನು ಕಂಡು ಹೆದರಬೇಡಿ. ಜೀಪಿನ ಹುಡ್ ಹೊಲಿಯುವವರು ಅಳತೆ ಕೊಟ್ಟರೆ ಹೊಲಿದುಕೊಡುತ್ತಾರೆ. ಬಟ್ಟೆಯ ಕೆಳಗಿನ ಮಡಚುವ ಕಮಾನುಗಳು, ಕೀಲುಗಳು, ಗಾಜಿನ ಚೌಕಟ್ಟಿಗೆ ಸಿಕ್ಕಿಸುವ ಕೊಂಡಿಗಳು ಎಲ್ಲವೂ ಇವೆಯೇ ಎಂಬುದು ಮುಖ್ಯ. ಈ ಫ್ರೇಮ್ ಕಳೆದುಹೋಗಿದ್ದರೆ ಅದನ್ನು ಹುಡುಕುವುದು ಇಂಜಿನ್ ಹುಡುಕುವುದಕ್ಕಿಂತ ಕಷ್ಟ. ಫ್ರೇಮನ್ನು ಬಿಡಿಸಿ ಮುಂದಕ್ಕೆ ಎಳೆದು ಗಾಜಿನ ಚೌಕಟ್ಟಿನ ಮೇಲಂಚಿಗೆ ತಂದು ನೋಡಿ. ಎರಡೂ ಬದಿ ಒಂದೇ ಸಮನೆ ಬಂದು ಕೂತರೆ ಒಳ್ಳೆಯದು. ಒಂದು ಬದಿ ತಲುಪಿ ಇನ್ನೊಂದು ತಲುಪದಿದ್ದರೆ ಮತ್ತೆ ನಾಲ್ಕನೆಯ ಹಂತಕ್ಕೆ ಹೋಗಿ, ಬಾಡಿ ವಕ್ರವಾಗಿರಬಹುದು.

ಗಾಜಿನ ವಿಷಯದಲ್ಲಿ ಮೈನರ್‌ಗೆ ಒಂದು ಅನುಕೂಲವಿದೆ. 1956ಕ್ಕೆ ಮುಂಚಿನವುಗಳಲ್ಲಿ ಮುಂದಿನ ಗಾಜು ಎರಡು ಚಪ್ಪಟೆ ತುಂಡುಗಳು, ಲ್ಯಾಮಿನೇಟೆಡ್ ಗಾಜು ಕತ್ತರಿಸುವ ಅಂಗಡಿಯಲ್ಲಿ ಮಾಡಿಸಬಹುದು. ಆಮೇಲಿನವುಗಳಲ್ಲಿ ಬಾಗಿದ ಒಂದೇ ಗಾಜು, ಒಡೆದಿದ್ದರೆ ತರಿಸಬೇಕು. ದೀಪದ ಬಳೆ, ಗ್ರಿಲ್, ಬಂಪರ್, ಹಿಡಿಕೆ, ಮೀಟರ್‌ಗಳು ಇವೆಯೇ ಇಲ್ಲವೇ ಎಂದು ಬರೆದುಕೊಳ್ಳಿ. ‘ಅದೆಲ್ಲ ಅಟ್ಟದ ಮೇಲಿದೆ, ಆಮೇಲೆ ಕೊಡುತ್ತೇವೆ’ ಎಂದರೆ ಆಗಲೇ ಇಳಿಸಿ ತೋರಿಸಲು ವಿನಯದಿಂದ ಕೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಯಂತ್ರದ ಭಾಗಗಳು ಕೆಲವು ಸಿಕ್ಕಾವು, ಇಂಥ ಹೊರಭಾಗಗಳನ್ನು ಇಂಗ್ಲೆಂಡಿನಿಂದ ತರಿಸಬೇಕಾಗಬಹುದು, ಆಗ ಸಾಗಣೆಯ ಜೊತೆಗೆ ಕಸ್ಟಮ್ಸ್ ಸುಂಕವೂ ಸೇರುತ್ತದೆ.

6. ಇಂಜಿನ್, ಬ್ರೇಕ್, ವೈರಿಂಗ್

‘ನಿಲ್ಲಿಸುವಾಗ ಚೆನ್ನಾಗಿ ಓಡುತ್ತಿತ್ತು’ ಎಂಬ ಮಾತಿಗೆ ಬೆಲೆ ಕಟ್ಟಬೇಡಿ. ಹಾಗೆಯೇ ಬ್ಯಾಟರಿ ತಂದು ಸೆಲ್ಫ್ ಹೊಡೆದು ತೋರಿಸುತ್ತೇವೆ ಎಂದರೆ ಬೇಡವೆನ್ನಿ. ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಅಂಟಿರುತ್ತವೆ, ಬಲವಂತವಾಗಿ ತಿರುಗಿಸಿದರೆ ಮುರಿಯುತ್ತವೆ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಸಾಧ್ಯವಾದರೆ ಮರುದಿನದವರೆಗೆ ನೆನೆಯಲು ಬಿಟ್ಟು, ಇಂಜಿನ್ ತಿರುಗಿಸುವ ಹ್ಯಾಂಡಲಿನಿಂದ ಕೈಯಲ್ಲೇ ತಿರುಗಿಸಿ ನೋಡಿ. ತಿರುಗಿದರೆ ಸಂತೋಷ. ತಿರುಗದಿದ್ದರೆ ಇಂಜಿನ್ ಬಿಚ್ಚುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿ ಮುಂದೆ ಹೋಗಿ; ಬೋರಿಂಗ್ ಕೆಲಸ ಮಾಡುವ ಲೇತ್ ಅಂಗಡಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಗ್ಯಾಸ್ಕೆಟ್ ಹೋಗಿರಬಹುದು ಅಥವಾ ಹೆಡ್ ಬಿರುಕು ಬಿಟ್ಟಿರಬಹುದು.

ಬ್ರೇಕಿನ ರಬ್ಬರು, ವೀಲ್ ಸಿಲಿಂಡರ್, ಹೋಸ್, ಟೈರು, ಪೆಟ್ರೋಲ್ ಟ್ಯಾಂಕಿನ ಶುದ್ಧಿ, ಇಲಿ ಕಡಿದ ವೈರಿಂಗ್ ಇವೆಲ್ಲ ಹೊಸದಾಗಿ ಆಗಲೇಬೇಕಾದ ಕೆಲಸಗಳು, ಪರೀಕ್ಷಿಸುವ ಅಗತ್ಯವಿಲ್ಲ, ಖರ್ಚಿನ ಪಟ್ಟಿಗೆ ನೇರವಾಗಿ ಸೇರಿಸಿ. ಈಗ ಬಂಕುಗಳಲ್ಲಿ ಸಿಗುವ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪು ಮತ್ತು ಪೆಟ್ರೋಲ್ ಪಂಪಿನ ಪೊರೆಯನ್ನು ಹಾಳುಮಾಡುತ್ತದೆ, ಆದ್ದರಿಂದ ಎಥನಾಲ್ ತಡೆಯುವ ಪೈಪುಗಳನ್ನೇ ಹಾಕಿಸಬೇಕು. ಹಳೆಯ ಇಂಜಿನ್ನಿನ ವಾಲ್ವ್ ಸೀಟುಗಳನ್ನು ಸವೆತದಿಂದ ಕಾಯುತ್ತಿದ್ದ ಸೀಸ ಬೆರೆತ ಪೆಟ್ರೋಲ್ 2000ದಲ್ಲೇ ನಿಂತುಹೋಯಿತು. ಹೆಡ್ ಬಿಚ್ಚುವ ಸಂದರ್ಭ ಬಂದರೆ ಗಟ್ಟಿ ವಾಲ್ವ್ ಸೀಟು ಕೂರಿಸುವುದು ಜಾಣತನ. ಮೈನರ್ ಮತ್ತು ಹೆರಾಲ್ಡ್ ಎರಡರಲ್ಲೂ ಮುಂದಿನ ಚಕ್ರ ತಿರುಗಲು ಆಧಾರವಾದ ಟ್ರನಿಯನ್ ಎಂಬ, ತಿರುಪಿನಂಥ ಎಳೆಗಳಿರುವ ಭಾಗವಿದೆ. ಎಣ್ಣೆ, ಗ್ರೀಸು ಕಾಣದೆ ಅದು ಸವೆದಿದ್ದರೆ ಓಡುವಾಗಲೇ ಚಕ್ರ ಮಡಚಿಕೊಳ್ಳುತ್ತದೆ. ಇದನ್ನು ಬಿಚ್ಚಿ ನೋಡದೆ ಕಾರನ್ನು ಘಾಟಿಗೆ ಇಳಿಸಬಾರದು.

7. ಹಣ, ಜಾಗ, ಕೆಲಸದವರು

ಮಾರುವವರು ಹೇಳಿದ ಬೆಲೆಯಿಂದ ಲೆಕ್ಕ ಆರಂಭಿಸಬೇಡಿ. ನಿಮ್ಮ ಕೈಲಿ ಒಟ್ಟು ಎಷ್ಟಿದೆ ಎಂಬುದರಿಂದ ಹಿಂದಕ್ಕೆ ಬನ್ನಿ. ಒಂದು ಉದಾಹರಣೆ ಹೇಳುತ್ತೇನೆ. ನೀವು ಈ ಕಾರಿಗಾಗಿ 6 ಲಕ್ಷ ರೂಪಾಯಿ ಎತ್ತಿಟ್ಟಿದ್ದೀರಿ ಎನ್ನಿ. ಅದರಲ್ಲಿ ಮೂರನೇ ಒಂದು ಭಾಗ, ಅಂದರೆ 2 ಲಕ್ಷ, ಬಿಚ್ಚಿದ ಮೇಲೆ ಕಾಣಿಸಿಕೊಳ್ಳುವ ಕೆಲಸಗಳಿಗೆಂದು ಮುಟ್ಟದೆ ಇಡಿ. ಉಳಿದ 4 ಲಕ್ಷದಲ್ಲಿ ಟಿಂಕರಿಂಗ್, ಪೇಂಟಿಂಗ್, ಇಂಜಿನ್, ಬ್ರೇಕ್, ವೈರಿಂಗ್, ಹುಡ್, ಸೀಟು, ಸಾಗಣೆ, ನೋಂದಣಿ ಇವುಗಳಿಗೆ ಪಡೆದ ಅಂದಾಜುಗಳನ್ನು ಕಳೆಯಿರಿ. ಮಿಕ್ಕ ಮೊತ್ತವೇ ಕಾರಿಗೆ ನೀವು ಕೊಡಬಹುದಾದ ಗರಿಷ್ಠ ಬೆಲೆ. ಮಿಕ್ಕಿದ್ದು ಸೊನ್ನೆಗಿಂತ ಕಡಿಮೆಯಾದರೆ ಆ ಕಾರು, ಈ ಹಣಕ್ಕೆ, ನಿಮ್ಮದಲ್ಲ. ತಗಡಿನ ಕೆಲಸದ ಅಂದಾಜನ್ನು ಫೋಟೊ ತೋರಿಸಿ ಪಡೆಯಬೇಡಿ, ಟಿಂಕರನ್ನು ದಿನಗೂಲಿ ಕೊಟ್ಟಾದರೂ ಸ್ಥಳಕ್ಕೆ ಕರೆದುಕೊಂಡು ಹೋಗಿ.

ಬಿಚ್ಚಿದ ಕಾರಿಗೆ ಜೋಡಿಸಿದ ಕಾರಿನ ಎರಡರಷ್ಟು ಜಾಗ ಬೇಕು. ಸಿಮೆಂಟ್ ನೆಲದ, ಸೋರದ, ಬೀಗ ಹಾಕಬಹುದಾದ ಶೆಡ್ ನಿಮಗಿಲ್ಲದಿದ್ದರೆ ಕಾರು ತರುವ ಮೊದಲು ಅದನ್ನು ಮಾಡಿಕೊಳ್ಳಿ. ವರ್ಕ್‌ಶಾಪಿನಲ್ಲೇ ಇರಲಿ ಎಂದು ಬಿಟ್ಟರೆ ದಿನದ ಗಿರಾಕಿಗಳ ಕೆಲಸದ ನಡುವೆ ನಿಮ್ಮ ಕಾರು ಹಿಂದೆ ಹಿಂದೆ ಸರಿಯುತ್ತದೆ, ಬಿಚ್ಚಿಟ್ಟ ಸಣ್ಣ ಭಾಗಗಳು ಕಳೆಯುತ್ತವೆ. ಅರ್ಧಕ್ಕೆ ನಿಂತ ತೆರೆದ ಕಾರುಗಳಲ್ಲಿ ಬಹಳಷ್ಟು ನಿಂತದ್ದು ಹೀಗೆಯೇ, ನನಗೆ ಇದು ನೋವಿನ ಸಂಗತಿ.

8. ಒಪ್ಪಂದ ಮತ್ತು ಸಾಗಣೆ

ಎಲ್ಲ ನೋಡಿದ ಮೇಲೆ ಅಂದೇ ಬೆಲೆ ಕುದುರಿಸಬೇಡಿ, ಮನೆಗೆ ಬಂದು ಪಟ್ಟಿಯನ್ನು ಮತ್ತೊಮ್ಮೆ ಓದಿ. ಬೆಲೆ ಮಾತನಾಡುವಾಗ ಕಾರನ್ನು ಹೀಗಳೆಯುವುದು ಬೇಡ; ಅದು ಆ ಮನೆಯ ಹಿರಿಯರು ಓಡಿಸಿದ ಕಾರು. ಕಂಡ ದೋಷಗಳನ್ನೂ ಅವುಗಳ ಖರ್ಚನ್ನೂ ಮುಂದಿಟ್ಟು ನಿಮ್ಮ ಮೊತ್ತ ಹೇಳಿ. ಒಪ್ಪಿದರೆ ಛಾಪಾ ಕಾಗದದ ಮೇಲೆ ಚಾಸಿ ನಂಬರ್, ಕೊಟ್ಟ ಹಣ, ಬಾಕಿ ಹಣ, ಯಾವ ಯಾವ ಬಿಡಿಭಾಗ ಸೇರಿದೆ, ವಾರಸುದಾರರ ಕಾಗದ ಯಾರು ಯಾವಾಗ ಮಾಡಿಕೊಡಬೇಕು ಎಂಬುದೆಲ್ಲ ಬರೆಯಿಸಿ.

ಕಾರನ್ನು ಹಗ್ಗ ಕಟ್ಟಿ ಎಳೆದು ತರಬೇಡಿ. ಬ್ರೇಕ್ ಹಿಡಿದಿರುತ್ತದೆ, ಟೈರು ಸಿಡಿಯುತ್ತದೆ, ವಿಮೆಯಿಲ್ಲದ ವಾಹನ ರಸ್ತೆಗಿಳಿಯುವಂತೆಯೂ ಇಲ್ಲ. ಚಪ್ಪಟೆ ಹಾಸಿನ ರಿಕವರಿ ವಾಹನವನ್ನೇ ಗೊತ್ತುಮಾಡಿ. ತೋಟದ ಮಣ್ಣಿನ ರಸ್ತೆಗೆ ಅದು ಮಳೆಗಾಲದಲ್ಲಿ ಬರಲಾರದು, ಆದ್ದರಿಂದ ಜೂನ್‌ಗೆ ಮೊದಲೇ ತಂದುಬಿಡಿ. ಹೊರಡುವ ಹಿಂದಿನ ದಿನ ಚಕ್ರಗಳು ಉರುಳುತ್ತವೆಯೇ ಎಂದು ನೋಡಿ, ಗೇರ್ ನ್ಯೂಟ್ರಲ್‌ಗೆ ಬರುತ್ತದೆಯೇ ಖಚಿತಪಡಿಸಿಕೊಳ್ಳಿ. ಸರಪಳಿಯನ್ನು ಆಕ್ಸಲ್ ಅಥವಾ ಚಾಸಿಗೆ ಬಿಗಿಯಬೇಕು, ಬಂಪರಿಗೂ ತುಕ್ಕು ಹಿಡಿದ ತಳಕ್ಕೂ ಬಿಗಿಯಬಾರದು. ಬಾಗಿಲುಗಳನ್ನು ಮುಚ್ಚಿ ಹಗ್ಗದಿಂದ ಕಟ್ಟಿ. ಬಾಡಿ ಕುಲುಕುವಾಗ ಮುಚ್ಚಿದ ಬಾಗಿಲು ಸ್ವಲ್ಪ ಆಧಾರ ಕೊಡುತ್ತದೆ.

ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಎರಡೂ ಕಡೆಯ ಸಹಿಯನ್ನು ಅದೇ ದಿನ ಪಡೆದುಕೊಳ್ಳಿ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಬೇರೆ ಕಚೇರಿಯ ವ್ಯಾಪ್ತಿಯ ಕಾರಾದರೆ ಅಲ್ಲಿಂದ ಎನ್‌ಒಸಿ, ಅಂದರೆ ಆಕ್ಷೇಪಣೆಯಿಲ್ಲ ಎಂಬ ಪತ್ರ, ಬೇಕೇ ಎಂದು ಮೊದಲೇ ವಿಚಾರಿಸಿ, ಬೇಕಾದಲ್ಲಿ ನಮೂನೆ 28ನ್ನೂ ಜೊತೆಗೇ ತುಂಬಿಸಿಕೊಳ್ಳಿ.